ದಿನಕ್ಕೊಂದು ಫೋಟೊ, ದಿನಕ್ಕೊಂದು ನೆರಳು: 8ನೇ ತರಗತಿಯಲ್ಲಿ ಒಂದು ಅವಲೋಕನ ಪಾಠ

ಪೀಠಿಕೆ

ದಿನಕ್ಕೊಂದು ಫೋಟೊ ತೆಗೆಯುವುದು ನನ್ನ ಹವ್ಯಾಸ. ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಸೇರುವ ಮುನ್ನ ಎರಡು ವರ್ಷ ಗುಬ್ಬಿ ತಾಲ್ಲೂಕಿನ ನಮ್ಮ ಊರಿನಲ್ಲೇ ಇದ್ದೆ. ಇವತ್ತಿಗೂ ನಿನ್ನೆಗೂ ವ್ಯತ್ಯಾಸವೇ ಇಲ್ಲ ಅನ್ನಿಸುವಂಥ ದಿನಗಳು. ಹಾಗಾಗಿಯೇ ಒಂದು ನಿಯಮ ಹಾಕಿಕೊಂಡೆ. ತೋಟದ ಬಾವಿಯ ಪಕ್ಕದ ತೆಂಗಿನ ಮರವನ್ನು ದಿನಾ ಬೆಳಿಗ್ಗೆ ಒಂದೇ ಜಾಗದಲ್ಲಿ ನಿಂತು ಫೋನಿನಲ್ಲಿ ತೆಗೆಯುವುದು. ಅಪ್ಪ ನೋಡಿ ನಕ್ಕರು. "ಆ ಮರ ಎಲ್ಲಿಗೆ ಓಡಿಹೋಗ್ತೈತೆ ಅಂತ ದಿನಾ ಫೋಟೊ ತೆಗೀತೀಯವ್ವ?"

ಒಂದು ವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ ಮರ ನಿಂತಲ್ಲೇ ಎಷ್ಟೊಂದು ಕೆಲಸ ಮಾಡಿತ್ತು ಎಂದು ಕಂಡಿತು. ತಿಂಗಳಿಗೆ ಹೆಚ್ಚುಕಡಿಮೆ ಒಂದು ಹೊಸ ಗರಿ, ಒಂದು ಹೊಂಬಾಳೆ. ಮೊದಲ ತಿಂಗಳ ಚಿತ್ರದಲ್ಲಿ ಬಿರಿದಿದ್ದ ಹೊಂಬಾಳೆಯ ಕಾಯಿಗಳು ಹನ್ನೆರಡನೆಯ ತಿಂಗಳ ಚಿತ್ರದಲ್ಲಿ ಬಲಿತು ಕೀಳುವ ಹದಕ್ಕೆ ಬಂದಿದ್ದವು. ಅಪ್ಪನಿಗೆ ಇದು ಹೊಸದೇನಲ್ಲ. ಸಸ್ಯಶಾಸ್ತ್ರ ಓದಿದ ನನಗೆ ಮಾತ್ರ ಪುಸ್ತಕದ ಹಂಗಿಲ್ಲದೆ ನಾನೇ ಕಂಡುಕೊಂಡ ಮೊದಲ ಸಂಗತಿ ಅದು.

ದಿನಕ್ಕೊಂದು ಫೋಟೊ ಎಂಬ ಶಿಸ್ತು ನನ್ನೊಬ್ಬಳದೇನೂ ಅಲ್ಲ. ಅಮೆರಿಕದ ಜೇಮೀ ಲಿವಿಂಗ್‌ಸ್ಟನ್ ಎಂಬುವರು 1979ರ ಮಾರ್ಚ್ 31ರಿಂದ ಪೋಲರಾಯ್ಡ್ ಕ್ಯಾಮೆರಾದಲ್ಲಿ ದಿನಕ್ಕೆ ಒಂದೇ ಚಿತ್ರ ತೆಗೆಯುತ್ತ ಬಂದರು. 1997ರ ಅಕ್ಟೋಬರ್ 25ರಂದು ಅವರು ತೀರಿಕೊಳ್ಳುವವರೆಗೂ, ಅಂದರೆ 18 ವರ್ಷ, ಆ ಕೆಲಸ ನಡೆಯಿತು. ನಮ್ಮಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡುತೋಟಗಳಲ್ಲಿ ಹಕ್ಕಿಗಳಿಗಾಗಿ ಕ್ಯಾಮೆರಾ ಹಿಡಿದು ಕಾಯುತ್ತಿದ್ದದ್ದು ಕನ್ನಡ ಓದುಗರಿಗೆಲ್ಲ ಗೊತ್ತು. ಇಬ್ಬರದೂ ಬೇರೆ ಬೇರೆ ದಾರಿ. ಆದರೆ ಒಂದನ್ನೇ ಮತ್ತೆ ಮತ್ತೆ ನೋಡುವ ತಾಳ್ಮೆ ಇಬ್ಬರಲ್ಲೂ ಇತ್ತು. ವಿಜ್ಞಾನದ ತರಗತಿಯಲ್ಲಿ ನಾವು 'ಅವಲೋಕನ ಕೌಶಲ' ಎಂದು ಪಾಠ ಯೋಜನೆಯಲ್ಲಿ ಬರೆಯುವುದು ಇದನ್ನೇ ಅಲ್ಲವೆ ಎಂದುಕೊಂಡು, ಬೋಧನಾಭ್ಯಾಸಕ್ಕೆ ಹಿರೇಹಳ್ಳಿಗೆ ಹೋದಾಗ ಈ ಹವ್ಯಾಸವನ್ನೂ ಜೊತೆಗೆ ಒಯ್ದೆ. ಅಲ್ಲಿ ಏನು ಮಾಡಿದೆ, ಎಲ್ಲಿ ತಪ್ಪಿದೆ, ಮಕ್ಕಳು ಅದನ್ನು ಹೇಗೆ ಹಿಡಿದರು ಎಂಬುದೇ ಈ ಲೇಖನ.

ಶಾಲೆ ಮತ್ತು ತರಗತಿ

ಹಿರೇಹಳ್ಳಿ ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುತ್ತದೆ. ಒಂದು ಕಡೆ ಕೈಗಾರಿಕಾ ಪ್ರದೇಶ. ಇನ್ನೊಂದು ಕಡೆ ಕೇಂದ್ರೀಯ ತೋಟಗಾರಿಕಾ ಪ್ರಾಯೋಗಿಕ ಕೇಂದ್ರ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದ ಕೆಂಪು ತೊಳೆಯ ಹಲಸನ್ನು 'ಸಿದ್ದು' ತಳಿಯಾಗಿ ಹೊರತಂದದ್ದು ಈ ಕೇಂದ್ರವೇ. ನನ್ನ ತರಗತಿಯ 36 ಮಕ್ಕಳಲ್ಲಿ ಕೆಲವರ ತಂದೆ ತಾಯಿ ಕಾರ್ಖಾನೆಗೆ ಹೋಗುವವರು, ಕೆಲವರದು ಹೊಲ, ತೋಟ. 8ನೇ ತರಗತಿಯ 'ಬೆಳಕು' ಘಟಕಕ್ಕೆ ಪೂರಕ ಚಟುವಟಿಕೆಯಾಗಿ, ಗಣಿತದ ನಕ್ಷೆ ಪಾಠಕ್ಕೂ ಹೊಂದುವಂತೆ ಇದನ್ನು ಯೋಜಿಸಿದೆ.

ಮುಖ್ಯೋಪಾಧ್ಯಾಯರಿಗೆ ಫೋನ್ ವಿಷಯ ಹೇಳಿದಾಗ ಒಂದು ಷರತ್ತು ಹಾಕಿದರು. ಚಿತ್ರದಲ್ಲಿ ಮಕ್ಕಳ ಮುಖ ಬರಬಾರದು. ಅದು ಒಳ್ಳೆಯದೇ ಆಯಿತು. ಮುಖ ಬಿಟ್ಟು ಏನು ತೆಗೆಯಬಹುದು ಎಂದು ಹುಡುಕುವಾಗಲೇ ಧ್ವಜಸ್ತಂಭದ ಕಟ್ಟೆಯ ಮೇಲೆ ಬಿದ್ದಿದ್ದ ನೆರಳು ಕಣ್ಣಿಗೆ ಬಿತ್ತು.

ಉದ್ದೇಶಗಳು

1. ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಬೀಳುವ ನೆರಳು ದಿನದಿಂದ ದಿನಕ್ಕೆ ಬದಲಾಗುತ್ತದೆ ಎಂದು ಮಕ್ಕಳು ತಾವೇ ಕಂಡುಕೊಳ್ಳುವುದು.
2. ಚಿತ್ರದಿಂದ ಅಳತೆ ಓದಿ, ದಿನಾಂಕ ಮತ್ತು ಉದ್ದದ ನಕ್ಷೆ ಬರೆಯುವುದು.
3. ಬದಲಾವಣೆಯ ಕಾರಣವನ್ನು ಭೂಮಿಯ ವಾಲಿಕೆಗೆ ಜೋಡಿಸುವುದು.

ನಾಲ್ಕನೆಯ ಉದ್ದೇಶವೊಂದು ಇರಬೇಕಾಗಿತ್ತು. ಅದು ಪಾಠ ಮುಗಿದ ಮೇಲೆ ಸೇರಿತು. ಮುಂದೆ ಹೇಳುತ್ತೇನೆ.

ಸಿದ್ಧತೆ

ಧ್ವಜಸ್ತಂಭ ತುಂಬಾ ಎತ್ತರ, ಅದರ ನೆರಳು ಕಟ್ಟೆಯಿಂದ ಆಚೆ ಹೋಗುತ್ತದೆ. ಅದಕ್ಕೆ ಹಳೆಯ ಬಣ್ಣದ ಡಬ್ಬಿಯಲ್ಲಿ ಸಿಮೆಂಟ್ ತುಂಬಿ ಕಬ್ಬಿಣದ ಸರಳು ನಿಲ್ಲಿಸಿ, ಅದರ ತುದಿ ಕಟ್ಟೆಯ ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರದಲ್ಲಿರುವಂತೆ ಮಾಡಿದೆವು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಸರಳು ನೆಟ್ಟಗಿದೆಯೇ ಎಂದು ನೋಡಿದ್ದು ಹುಡುಗರೇ. ಪ್ರಯೋಗಾಲಯದ ದಿಕ್ಸೂಚಿ ಇಟ್ಟು ಉತ್ತರದ ಗೆರೆ ಎಳೆದೆವು. ಸರಳಿನ ಬುಡವನ್ನು ಸೊನ್ನೆ ಎಂದಿಟ್ಟು, 40 ಸೆಂ.ಮೀ.ನಿಂದ 80 ಸೆಂ.ಮೀ.ವರೆಗೆ ಐದೈದು ಸೆಂ.ಮೀ.ಗೆ ಒಂದರಂತೆ ಬಿಳಿ ಬಣ್ಣದಲ್ಲಿ ಕಮಾನು ಗೆರೆಗಳು, ನಡುವೆ ಸಣ್ಣ ಕಪ್ಪು ಗುರುತುಗಳು. ಗೆರೆಯೂ ನೆರಳೂ ಒಂದೇ ನೆಲದ ಮೇಲಿರುವುದರಿಂದ ಚಿತ್ರವನ್ನು ಸ್ವಲ್ಪ ಓರೆಯಾಗಿ ತೆಗೆದರೂ ಓದುವಾಗ ತಪ್ಪಾಗುವುದಿಲ್ಲ. ಆದರೂ ದಿನಾ ಒಂದೇ ಕೋನ ಬರಲೆಂದು ಜಗುಲಿಯ ಕಂಬದ ಮೇಲೆ ಪೆನ್ಸಿಲ್ ಗುರುತು ಹಾಕಿ, ಫೋನನ್ನು ಅಲ್ಲಿಗೇ ಒತ್ತಿ ಹಿಡಿಯುತ್ತಿದ್ದೆ.

ಹೊತ್ತು: ಮಧ್ಯಾಹ್ನ 12 ಗಂಟೆ 20 ನಿಮಿಷ. ಇದೇಕೆ ಎಂದು ಮಕ್ಕಳೂ ಕೇಳಿದರು. ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಹಿರೇಹಳ್ಳಿ ಇರುವುದು ಸುಮಾರು 77.2 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು ಸರಾಸರಿ 21 ನಿಮಿಷ ತಡ. ಆ ಹೊತ್ತಿನಲ್ಲಿ ನೆರಳಿನ ಉದ್ದ ನಿಧಾನವಾಗಿ ಬದಲಾಗುವುದರಿಂದ ಫೋಟೊ ಒಂದೆರಡು ನಿಮಿಷ ಆಚೀಚೆ ಆದರೂ ಅಳತೆ ಕೆಡುವುದಿಲ್ಲ.

ನವೆಂಬರ್ 18ರಿಂದ ಫೆಬ್ರವರಿ 14ರವರೆಗೆ 89 ದಿನ. ಗೋಡೆಯ ಮೇಲೆ 89 ಚೌಕಗಳ ಒಂದು ದೊಡ್ಡ ಚಾರ್ಟ್. ವಾರಕ್ಕೊಮ್ಮೆ ತುಮಕೂರಿನ ಜೆರಾಕ್ಸ್ ಅಂಗಡಿಯಲ್ಲಿ ಚಿತ್ರಗಳನ್ನು ಸಣ್ಣದಾಗಿ ಮುದ್ರಿಸಿ ತಂದು, ಕೆಳಗೆ ಪೆನ್ನಿನಲ್ಲಿ ದಿನಾಂಕ ಬರೆದು ಅಂಟಿಸುತ್ತಿದ್ದೆ. ಭಾನುವಾರಕ್ಕೂ ಹಬ್ಬಕ್ಕೂ 'ರಜೆ' ಎಂದು ಬರೆದೆವು. ಬಿಸಿಲಿಲ್ಲದ ದಿನ ಫೋಟೊ ಅಂಟಿಸಿ 'ಮೋಡ' ಎಂದು ಬರೆದೆವು. "ನೆರಳೇ ಇಲ್ದಿದ್ರೆ ಫೋಟೊ ಯಾಕೆ ಮಿಸ್?" ಎಂದು ಒಬ್ಬ ಕೇಳಿದ್ದ. ನೆರಳಿರಲಿಲ್ಲ ಎಂಬುದೂ ಒಂದು ದಾಖಲೆ ಎಂದು ಉತ್ತರಿಸಿದ್ದೆ. ಈ ಮಾತು ಹೇಳಿದವಳು ನಾನೇ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕಂಡದ್ದು

ಚಿತ್ರಗಳಿಂದ ಓದಿದ ಕೆಲವು ಅಳತೆಗಳು ಹೀಗಿವೆ.

ನವೆಂಬರ್ 18: 64 ಸೆಂ.ಮೀ.
ನವೆಂಬರ್ 25: 68 ಸೆಂ.ಮೀ.
ಡಿಸೆಂಬರ್ 10: 73 ಸೆಂ.ಮೀ.
ಡಿಸೆಂಬರ್ 21: 74.5 ಸೆಂ.ಮೀ.
ಜನವರಿ 6: 72 ಸೆಂ.ಮೀ.
ಜನವರಿ 20: 66 ಸೆಂ.ಮೀ.
ಫೆಬ್ರವರಿ 1: 59 ಸೆಂ.ಮೀ.
ಫೆಬ್ರವರಿ 14: 50 ಸೆಂ.ಮೀ.

ಇದರಲ್ಲಿ ಮೂರು ವಿಷಯ ಗಮನಿಸಬೇಕು. ಒಂದು, ನೆರಳು ಡಿಸೆಂಬರ್ 21ರವರೆಗೆ ಬೆಳೆದು ಅಲ್ಲಿಂದ ಕುಗ್ಗುತ್ತದೆ. ಸೂರ್ಯ ಅತಿ ದಕ್ಷಿಣಕ್ಕೆ ಹೋಗಿ ಮರಳುವ ದಿನವದು. ಉತ್ತರಾಯಣ ಎಂದರೆ ಸಂಕ್ರಾಂತಿ ಎಂದೇ ತಿಳಿದಿದ್ದ ಮಕ್ಕಳಿಗೆ, ನೆರಳು ಅದಕ್ಕಿಂತ ಮೂರು ವಾರ ಮೊದಲೇ ತಿರುಗಿದ್ದು ಆಶ್ಚರ್ಯ ತಂದಿತು. ಎರಡು, ಬದಲಾವಣೆಯ ವೇಗ ಒಂದೇ ಸಮ ಇಲ್ಲ. ಡಿಸೆಂಬರ್ 16ರಿಂದ 26ರವರೆಗೆ ನೆರಳು ನಿಂತೇ ಹೋದಂತೆ ಕಾಣುತ್ತದೆ. ಜನವರಿ ಕೊನೆಗೆ ದಿನಕ್ಕೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ಕುಗ್ಗುತ್ತದೆ.

ಮೂರನೆಯದನ್ನು ನಾನು ಯೋಜಿಸಿರಲಿಲ್ಲ. ಜನವರಿಯಲ್ಲಿ ಒಬ್ಬ ಹುಡುಗ ಚಾರ್ಟ್ ಮುಂದೆ ನಿಂತು, "ಮಿಸ್, ನೆರಳು ಪಕ್ಕಕ್ಕೂ ಹೋಗ್ತಾ ಐತೆ" ಎಂದ. ನಿಜ. ನವೆಂಬರ್ 18ರಂದು ನೆರಳಿನ ತುದಿ ಉತ್ತರದ ಗೆರೆಯಿಂದ ಆರೇಳು ಸೆಂ.ಮೀ. ಪೂರ್ವಕ್ಕಿತ್ತು. ಡಿಸೆಂಬರ್ 22ರ ಸುಮಾರಿಗೆ ಗೆರೆಯ ಮೇಲೆ ಬಂತು. ಫೆಬ್ರವರಿ ಹೊತ್ತಿಗೆ ಅಷ್ಟೇ ದೂರ ಪಶ್ಚಿಮಕ್ಕೆ ಸರಿಯಿತು. ನಮ್ಮ ಗಡಿಯಾರದ ಮಧ್ಯಾಹ್ನವೂ ಸೂರ್ಯನ ಮಧ್ಯಾಹ್ನವೂ ವರ್ಷವಿಡೀ ಒಟ್ಟಿಗೆ ಬರುವುದಿಲ್ಲ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷ ವಾಲಿದೆ ಎಂಬ ಎರಡು ಕಾರಣಗಳಿಂದ, ಹಿರೇಹಳ್ಳಿಯಲ್ಲಿ ಸೂರ್ಯ ನೆತ್ತಿಯ ರೇಖೆ ದಾಟುವ ಹೊತ್ತು ನವೆಂಬರ್ ಮೊದಲ ವಾರದಲ್ಲಿ ಸುಮಾರು 12.05, ಫೆಬ್ರವರಿ ಮಧ್ಯದಲ್ಲಿ ಸುಮಾರು 12.35. ವರ್ಷಪೂರ್ತಿ ಒಂದೇ ಹೊತ್ತಿಗೆ ಸೂರ್ಯನ ಚಿತ್ರ ತೆಗೆದು ಒಂದರ ಮೇಲೊಂದು ಇಟ್ಟರೆ ಇಂಗ್ಲಿಷಿನ ಎಂಟರ ಆಕಾರ ಬರುತ್ತದೆ. ಇದಕ್ಕೆ ಅನಲೆಮ್ಮ ಎನ್ನುತ್ತಾರೆ. 1978–79ರಲ್ಲಿ ಅಮೆರಿಕದ ಡೆನಿಸ್ ಡಿ ಚಿಕೊ ಒಂದೇ ಫಿಲ್ಮ್ ಚೌಕಟ್ಟಿನ ಮೇಲೆ ವರ್ಷವಿಡೀ ಇದನ್ನು ಸೆರೆಹಿಡಿದರು. ನಮ್ಮ ಮಕ್ಕಳ ಕಟ್ಟೆಯ ಮೇಲೆ ಅದೇ ಎಂಟರ ಒಂದು ಬಾಗು ಮೂಡಿತ್ತು.

ಪಾಠದ ದಿನ

ಫೆಬ್ರವರಿ 6ರಂದು ಮೌಲ್ಯಮಾಪನದ ಪಾಠ. ಮಾರ್ಗದರ್ಶಕ ಉಪನ್ಯಾಸಕರು ಅವಲೋಕನ ಹಾಳೆ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಪಾಠ ಯೋಜನೆಯಲ್ಲಿ ನಾನು ಬರೆದಿದ್ದ ಒಂದು ಸಾಲು: 'ಶಾಲಾ ದಿನಗಳಲ್ಲಿ ಒಂದೂ ತಪ್ಪದ ದಾಖಲೆ.'

ಆ ಸಾಲು ಸುಳ್ಳು. ಜನವರಿ 29ರಂದು ನಾನು ಕಾಲೇಜಿಗೆ ರೆಕಾರ್ಡ್ ಪುಸ್ತಕ ಒಪ್ಪಿಸಲು ಹೋಗಿದ್ದೆ. ಶಾಲೆಗೆ ಬಂದದ್ದು ಮಧ್ಯಾಹ್ನ ಎರಡಕ್ಕೆ. ಬೇರೆಯವರಿಗೆ ಹೇಳಿಹೋಗಲು ಮರೆತಿದ್ದೆ. ಆ ವಾರ ಚಿತ್ರಗಳನ್ನು ಮುದ್ರಿಸುವಾಗ ಒಂದು ಚೌಕ ಖಾಲಿ ಉಳಿಯುವುದು ಕಂಡು, ಜನವರಿ 24ರ ಚಿತ್ರವನ್ನೇ ಇನ್ನೊಂದು ಪ್ರತಿ ತೆಗೆಸಿ ಕೆಳಗೆ 29 ಎಂದು ಬರೆದು ಅಂಟಿಸಿದೆ. ಫೋನಿನ ಫೈಲಿನಲ್ಲಿ ತೆಗೆದ ದಿನ, ಹೊತ್ತು ತಾನಾಗಿ ದಾಖಲಾಗಿರುತ್ತದೆ. ಮುದ್ರಿಸಿದ ಕಾಗದಕ್ಕೆ ಮಾತ್ರ ನಾನು ಬರೆದದ್ದೇ ದಿನಾಂಕ. ಐದು ದಿನದ ಹಿಂದಿನ ನೆರಳು, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಬೆರಳೆಣಿಕೆಯ ನಿಮಿಷಗಳ ಕೆಲಸ. ಆಮೇಲೆ ಅದರ ಬಗ್ಗೆ ಯೋಚಿಸಲೂ ಇಲ್ಲ.

ಪಾಠ ಚೆನ್ನಾಗಿಯೇ ಶುರುವಾಯಿತು. ಆರು ಗುಂಪು ಮಾಡಿ, ಚಿತ್ರಗಳನ್ನು ಮೂರು ಪಾಲು ಮಾಡಿದ್ದೆ. ಒಂದು ಪಾಲನ್ನು ಎರಡು ಗುಂಪುಗಳು ಬೇರೆಬೇರೆಯಾಗಿ ಅಳೆದು, ಆಮೇಲೆ ಹೋಲಿಸಿ ನೋಡುವುದು. ಎರಡು ಗುಂಪಿನ ಓದು ಹೆಚ್ಚೆಂದರೆ ಅರ್ಧ ಸೆಂ.ಮೀ. ಆಚೀಚೆ ಬರುತ್ತಿತ್ತು. ಸೂರ್ಯ ಒಂದು ಚುಕ್ಕಿಯಲ್ಲ, ತಟ್ಟೆ. ಹಾಗಾಗಿ ನೆರಳಿನ ತುದಿ ಒಂದು ಸೆಂ.ಮೀ.ನಷ್ಟು ಮಸುಕಾಗಿರುತ್ತದೆ. ಮಸುಕಿನ ನಡುಭಾಗ ಓದಬೇಕೆಂದು ಮೊದಲೇ ಒಪ್ಪಂದವಾಗಿತ್ತು. ಅರ್ಧ ಸೆಂ.ಮೀ. ವ್ಯತ್ಯಾಸ ಸಹಜ, ಅದಕ್ಕಿಂತ ಹೆಚ್ಚು ಬಂದರೆ ಕಾರಣ ಹುಡುಕಬೇಕು ಎಂದು ಕಪ್ಪುಹಲಗೆಯ ಮೇಲೆ ನಾನೇ ಬರೆದಿದ್ದೆ.

ಕೊನೆಯ ಪಾಲು ಐದು ಮತ್ತು ಆರನೆಯ ಗುಂಪಿಗೆ ಬಂದಿತ್ತು. ಐದನೆಯ ಗುಂಪಿನ ಒಬ್ಬ ಹುಡುಗಿ ಎದ್ದು ನಿಂತಳು.

"ಮಿಸ್, 27ಕ್ಕೆ 62, 28ಕ್ಕೆ 61 ಅರ್ಧ, 29ಕ್ಕೆ 64 ಬರ್ತಾ ಐತೆ. 30ಕ್ಕೆ ಮತ್ತೆ 60. ಒಂದೇ ಒಂದು ಚುಕ್ಕಿ ಮೇಲಕ್ಕೆ ಹೋಗೈತೆ."

ನನಗೆ ಆ ಕ್ಷಣದಲ್ಲೇ ಎಲ್ಲವೂ ನೆನಪಾಯಿತು. ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದೆ. ಬಾಯಿಂದ ಬಂದ ಮಾತು: "ಅಳತೆ ತಪ್ಪಿರಬೇಕು. ಸರಿಯಾಗಿ ಇನ್ನೊಂದು ಸಲ ಓದಿ."

ಈ ಲೇಖನ ಬರೆಯಲು ಕಾರಣ ಈ ಎರಡು ವಾಕ್ಯಗಳು. ಫೋಟೊ ಬದಲಿಸಿ ಅಂಟಿಸಿದ್ದು ಒಂದು ತಪ್ಪು. ಸರಿಯಾಗಿ ಓದಿದ ಮಗುವಿಗೆ ನಿನ್ನ ಕಣ್ಣು ತಪ್ಪಿದೆ ಎಂದು ಹೇಳಿದ್ದು ಅದಕ್ಕಿಂತ ದೊಡ್ಡದು. ಪರಿಣಾಮವೂ ತಕ್ಷಣ ಕಂಡಿತು. ಅದೇ ಚಿತ್ರ ಅಳೆದಿದ್ದ ಆರನೆಯ ಗುಂಪಿನವರಿಗೂ 64 ಬಂದಿತ್ತು. ನನ್ನ ಮಾತು ಕೇಳಿದ್ದೇ ಅವರು ರಬ್ಬರ್ ತೆಗೆದು ಆ ಬಿಂದುವನ್ನು ಅಳಿಸಿ, ಉಳಿದವುಗಳ ಸಾಲಿಗೆ ಸರಿಹೋಗುವಂತೆ 61ಕ್ಕೆ ಇಟ್ಟರು. ಇನ್ನೊಂದು ಸಲ ಅಳೆಯಲೂ ಇಲ್ಲ.

ಹುಡುಗಿ ಅಳಿಸಲಿಲ್ಲ. ಮತ್ತೆ ಅಳೆದಳು. ಆಮೇಲೆ 27, 28, 29, 30ರ ನಾಲ್ಕು ಚಿತ್ರಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟಳು.

"ಮಿಸ್, 26ನೇ ತಾರೀಕು ನಾವು ಕಟ್ಟೆ ಮೇಲೆ ರಂಗೋಲಿ ಹಾಕಿದ್ವಲ್ಲ, ಆ ಕೇಸರಿ ಬಣ್ಣ ಮೂಲೇಲಿ ಉಳ್ಕೊಂಡೈತೆ. 27ರಲ್ಲಿ ಐತೆ, 28ರಲ್ಲಿ ಐತೆ, 30ರಲ್ಲೂ ಐತೆ. 29ರಲ್ಲಿ ಇಲ್ಲ."

ಅಷ್ಟರಲ್ಲಿ ಪಕ್ಕದ ಹುಡುಗ ಹಿಂದಿನ ವಾರದ ಚಿತ್ರಗಳನ್ನು ಕೆದಕಿ 24ರದನ್ನು ತಂದು ಪಕ್ಕಕ್ಕಿಟ್ಟ. ಎರಡರಲ್ಲೂ ಒಂದು ಹಳದಿ ಹೊಂಗೆ ಎಲೆ, ಒಂದೇ ಗೆರೆಯ ಪಕ್ಕದಲ್ಲಿ. "ಎಲೆನೂ ಅದೇ ಮಿಸ್. ದಿನಾ ಬೆಳಿಗ್ಗೆ ಕಟ್ಟೆ ಗುಡಿಸ್ತೀವಲ್ಲ, ಐದು ದಿನ ಹೆಂಗಿರ್ತೈತೆ?"

ಅವರ ಧ್ವನಿಯಲ್ಲಿ ಆರೋಪವಿರಲಿಲ್ಲ. ಒಗಟು ಬಿಡಿಸಿದ ಖುಷಿ ಇತ್ತು. ನಾನೇ ಮಾಡಿದ್ದು ಎಂದು ಅವರಿಗೆ ಇನ್ನೂ ಹೊಳೆದಿರಲಿಲ್ಲ. ಅಂಗಡಿಯವರು ತಪ್ಪು ಮುದ್ರಿಸಿದ್ದಾರೆ ಎನ್ನುವ ಅವಕಾಶ ಕಣ್ಣ ಮುಂದೆಯೇ ಇತ್ತು. ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಆಮೇಲೆ ಹೇಳಿದೆ.

"29ರಂದು ನಾನು ಬಂದದ್ದು ಮಧ್ಯಾಹ್ನದ ಮೇಲೆ. ಫೋಟೊ ತೆಗೆದಿರಲಿಲ್ಲ. ಚೌಕ ಖಾಲಿ ಇರಬಾರದು ಅಂತ 24ರ ಫೋಟೊ ಅಂಟಿಸಿದೆ. ನಿಮ್ಮ ಅಳತೆ ಸರಿಯಾಗಿದೆ. ಸುಳ್ಳು ಹೇಳಿದ್ದು ನಾನು."

ತರಗತಿ ಮೌನವಾಯಿತು. ಹಿಂದಿನಿಂದ ಒಬ್ಬ, "ಹಂಗಾದ್ರೆ ನಿಮಗೂ ಮಾರ್ಕ್ಸ್ ಕಟ್ಟಾ ಮಿಸ್?" ಎಂದ. ಎಲ್ಲರೂ ನಕ್ಕರು. ಆಗಬಹುದು ಎಂದೆ. ಆದರೆ ಹುಡುಗಿ ಇನ್ನೂ ನಿಂತೇ ಇದ್ದಳು. "ಈಗ 29ಕ್ಕೆ ಏನು ಬರೀಲಿ ಮಿಸ್?"

ಪಾಠ ಯೋಜನೆಯಲ್ಲಿ ಇಲ್ಲದ ಪ್ರಶ್ನೆ. ತರಗತಿಗೇ ಕೇಳಿದೆ. ಕೆಲವರು 61 ಎಂದು ಬರೆಯೋಣ, ಸಾಲು ನೋಡಿದರೆ ಅಷ್ಟೇ ಬರುತ್ತದೆ ಎಂದರು. ಆದರೆ ಯಾರೂ ಅಳೆದಿಲ್ಲವಲ್ಲ ಎಂದರು ಉಳಿದವರು. ಹತ್ತು ನಿಮಿಷದ ವಾದದ ನಂತರ ಅವರೇ ತೀರ್ಮಾನಿಸಿದರು. ಅಳೆದದ್ದಕ್ಕೆ ತುಂಬಿದ ಚುಕ್ಕಿ, ಅಂದಾಜಿಗೆ ಖಾಲಿ ಸೊನ್ನೆ. 29ಕ್ಕೆ 61ರ ಹತ್ತಿರ ಒಂದು ಖಾಲಿ ಸೊನ್ನೆ ಹಾಕಿ, ಪಕ್ಕದಲ್ಲಿ 'ಅಂದಾಜು' ಎಂದು ಬರೆದರು. ಚಾರ್ಟಿನಿಂದ ಆ ಚಿತ್ರವನ್ನು ಕಿತ್ತು, ಚೌಕದಲ್ಲಿ 'ಮಿಸ್ ಇರಲಿಲ್ಲ' ಎಂದು ಬರೆದರು.

ಗಂಟೆ ಹೊಡೆಯಿತು. ಭೂಮಿಯ ವಾಲಿಕೆಯ ವಿವರಣೆ ಉಳಿದೇ ಹೋಯಿತು. ಅದನ್ನು ಮರುದಿನ ಗೋಳ ತಂದು ಮುಗಿಸಿದೆ.

ಮಾರ್ಗದರ್ಶಕರ ಪ್ರಶ್ನೆ

ಬೈಗುಳಕ್ಕೆ ಸಿದ್ಧಳಾಗಿಯೇ ಹೋದೆ. ಅವರು ಹೆಚ್ಚು ಮಾತಾಡಲಿಲ್ಲ. ಸಮಯ ಪಾಲನೆಗೆ ಅಂಕ ಕಡಿಮೆ ಕೊಟ್ಟಿದ್ದರು. ಹಾಳೆಯ ಕೆಳಗೆ ಒಂದು ಪ್ರಶ್ನೆ ಇತ್ತು: 'ಆರನೆಯ ಗುಂಪು ಅಳಿಸಿದ ಬಿಂದುವನ್ನು ಮರಳಿ ಹಾಕಿಸಿದಿರಾ?'

ಹಾಕಿಸಿರಲಿಲ್ಲ. ಗಮನವೆಲ್ಲ ಪ್ರಶ್ನೆ ಕೇಳಿದ ಹುಡುಗಿಯ ಮೇಲಿತ್ತು. ಶಿಕ್ಷಕಿ ಹೇಳಿದಳೆಂದು ತಮ್ಮ ಸರಿಯಾದ ಅಳತೆಯನ್ನು ಅಳಿಸಿಕೊಂಡ ಆರು ಮಕ್ಕಳ ಮೇಲೆ ಇರಲಿಲ್ಲ. ಅವರ ಹಾಳೆಯಲ್ಲಿ 61ರ ಬಳಿ ತುಂಬಿದ ಚುಕ್ಕಿ ಹಾಗೆಯೇ ಉಳಿದಿತ್ತು, ನೋಡಲು ಎಲ್ಲರಿಗಿಂತ ಅಚ್ಚುಕಟ್ಟಾದ ನಕ್ಷೆ ಅದೇ. ಮೌಲ್ಯಮಾಪನದಲ್ಲಿ ನಾನು ಅದಕ್ಕೆ ಪೂರ್ಣ ಅಂಕ ಕೊಟ್ಟಿದ್ದೆ ಎಂಬುದನ್ನೂ ಇಲ್ಲಿ ಬರೆಯಬೇಕು.

ಮರುದಿನ ಆ ಗುಂಪಿನೊಡನೆ ಕುಳಿತೆ. ಮೊದಲು ಎಷ್ಟು ಓದಿದ್ದಿರಿ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು, "64 ಮಿಸ್. ನೀವು ತಪ್ಪು ಅಂದ್ರಲ್ಲ" ಎಂದರು. ಓದಿದ್ದು ಸರಿಯಿತ್ತು, ಅಳಿಸಬೇಕಿರಲಿಲ್ಲ, ಅಳಿಸುವಂತೆ ಮಾಡಿದ್ದು ನಾನು ಎಂದು ಹೇಳಿದೆ. 64ರ ಚುಕ್ಕಿಯನ್ನು ಮತ್ತೆ ಹಾಕಿ, ಅದನ್ನು ಗುಂಡಗೆ ಸುತ್ತಿ 'ಇದು 24ರ ಚಿತ್ರ' ಎಂದು ಬರೆದುಕೊಂಡರು. 61ರಲ್ಲಿದ್ದ ಚುಕ್ಕಿಯನ್ನು ಖಾಲಿ ಸೊನ್ನೆ ಮಾಡಿದರು. ರಬ್ಬರಿನ ಗುರುತು ಹಾಳೆಯಲ್ಲಿ ಈಗಲೂ ಇದೆ.

ತಿದ್ದಿದ ಪಾಠ ಯೋಜನೆ

ಈ ಚಟುವಟಿಕೆಯನ್ನು ಕೈಗೊಳ್ಳುವ ಸಹ ಪ್ರಶಿಕ್ಷಣಾರ್ಥಿಗಳಿಗಾಗಿ, ಬದಲಾಯಿಸಿದ ರೂಪ ಇದು.

ತೊಡಗಿಸುವಿಕೆ: ಎರಡು ತಿಂಗಳ ಅಂತರದ ಎರಡು ಚಿತ್ರಗಳನ್ನು ದಿನಾಂಕ ಮುಚ್ಚಿ ತೋರಿಸಿ. ಯಾವುದು ಮೊದಲಿನದು, ಹೇಗೆ ಗೊತ್ತು ಎಂದು ಕೇಳಿ. ಮಕ್ಕಳು ನೆರಳಿಗಿಂತ ಮೊದಲು ಎಲೆ, ಕಸ, ಬಣ್ಣ ನೋಡುತ್ತಾರೆ. ನೋಡಲಿ, ಅದೂ ಸಾಕ್ಷ್ಯವೇ.

ಅನ್ವೇಷಣೆ: ಒಂದೇ ಚಿತ್ರವನ್ನು ಎರಡು ಗುಂಪುಗಳು ಅಳೆಯಲಿ. ಅಳತೆಗಳನ್ನು ಪೆನ್ನಿನಲ್ಲಿ ಬರೆಯಲಿ. ತಪ್ಪಾದರೆ ಗೆರೆ ಹೊಡೆದು ಪಕ್ಕದಲ್ಲಿ ಹೊಸದನ್ನು ಬರೆಯಬೇಕು. ಈ ಪಾಠದಲ್ಲಿ ರಬ್ಬರ್ ಬೇಡ.

ವಿವರಣೆ: ಗೋಳ ಮತ್ತು ಟಾರ್ಚ್. ಡಿಸೆಂಬರಿನಲ್ಲಿ ನೆರಳು ಏಕೆ ಉದ್ದ ಎಂಬುದಕ್ಕೆ ಬಹಳ ಮಕ್ಕಳು ಸೂರ್ಯ ದೂರ ಹೋಗುತ್ತಾನೆ ಎನ್ನುತ್ತಾರೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ ಎಂದು ತಿಳಿಸಿ, ಉತ್ತರವನ್ನು ಅವರೇ ತಿದ್ದಿಕೊಳ್ಳಲು ಬಿಡಿ.

ವಿಸ್ತರಣೆ: ಮನೆಯ ಹತ್ತಿರದ ಬೇರೆ ವಸ್ತುವಿಗೆ ಇದೇ ಕ್ರಮ. ನಮ್ಮಲ್ಲಿ ಒಬ್ಬ ಹುಡುಗ ಮನೆಯ ಹಲಸಿನ ಮರದ ಒಂದು ಎಳೆ ಮಿಡಿಯನ್ನು ಆಯ್ದುಕೊಂಡ. ಫೋನ್ ಇಲ್ಲದಿದ್ದರಿಂದ ದಿನಾ ದಾರ ಸುತ್ತಿ ಅಳೆದು, ಪುಸ್ತಕದಲ್ಲಿ ಅದೇ ಗಾತ್ರದ ಚಿತ್ರ ಬರೆದ. ಫೋಟೊ ಕಡ್ಡಾಯವಲ್ಲ. ದಿನಾ ನೋಡುವುದು ಕಡ್ಡಾಯ.

ಮೌಲ್ಯಮಾಪನ: ನಕ್ಷೆಯ ಅಂದಕ್ಕೆ ಅಂಕ ಕೊಡಬೇಡಿ. ಸಾಲಿಗೆ ಸೇರದ ಬಿಂದುವಿನ ಬಗ್ಗೆ ಮಗು ಏನು ಹೇಳುತ್ತದೆ ಎಂಬುದಕ್ಕೆ ಕೊಡಿ.

ನಾಲ್ಕನೆಯ ಉದ್ದೇಶ: ಅಳೆದದ್ದನ್ನೂ ಅಂದಾಜು ಮಾಡಿದ್ದನ್ನೂ ಬೇರೆಬೇರೆಯಾಗಿ ದಾಖಲಿಸುವುದು.

ಇನ್ನು ಕೆಲವು ಪ್ರಾಯೋಗಿಕ ಸೂಚನೆಗಳು. ಫೋಟೊ ತೆಗೆಯುವ ಕೆಲಸವನ್ನು ಒಬ್ಬರೇ ಇಟ್ಟುಕೊಳ್ಳಬೇಡಿ, ಜೊತೆಗೊಬ್ಬ ಸಹಪಾಠಿಯೋ ಶಾಲೆಯ ಶಿಕ್ಷಕರೋ ಇರಲಿ. ಡಬ್ಬಿಯ ಸುತ್ತ ನೆಲದ ಮೇಲೆ ಗೆರೆ ಎಳೆಯಿರಿ, ಯಾರಾದರೂ ಜರುಗಿಸಿದರೆ ಗೊತ್ತಾಗುತ್ತದೆ. ಮುದ್ರಿಸುವಾಗ ದಿನಾಂಕ ಮತ್ತು ಹೊತ್ತು ಚಿತ್ರದ ಮೇಲೇ ಬರುವಂತೆ ಮಾಡಿಸಿ. ನನ್ನಂಥವರಿಗೆ ಅದು ಅಗತ್ಯ.

ಮುಕ್ತಾಯ

ಫೆಬ್ರವರಿ 14ಕ್ಕೆ ನನ್ನ ಬೋಧನಾಭ್ಯಾಸ ಮುಗಿಯಿತು. 89 ಚೌಕಗಳಲ್ಲಿ 63 ಅಳತೆ, 16 ರಜೆ, 9 ಮೋಡ, ಒಂದು 'ಮಿಸ್ ಇರಲಿಲ್ಲ'. ನನ್ನ ತೆಂಗಿನ ಮರದ ಚಿತ್ರಗಳನ್ನು ಆಮೇಲೆ ಮತ್ತೆ ನೋಡಿದೆ. ಅಲ್ಲಿಯೂ ಜ್ವರ ಬಂದ ದಿನ, ಮದುವೆಗೆ ಹೋದ ದಿನ ಹಿಂದುಮುಂದಿನ ಚಿತ್ರಗಳಿಂದ ತುಂಬಿಸಿದ ಜಾಗಗಳು ಇದ್ದವು. ಯಾರಿಗೂ ತೋರಿಸದ ಹವ್ಯಾಸದಲ್ಲೂ ನಾನು ಖಾಲಿ ಬಿಡಲು ಹೆದರಿದ್ದೆ. ಫೈಲಿನ ದಿನಾಂಕ ನೋಡಿ ಅಂಥ 11 ಚಿತ್ರಗಳನ್ನು ತೆಗೆದುಹಾಕಿದ್ದೇನೆ.

ಚಾರ್ಟ್, ಡಬ್ಬಿ, ಸರಳು ಶಾಲೆಯಲ್ಲೇ ಇವೆ. ಹಿರೇಹಳ್ಳಿಯಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮಧ್ಯಭಾಗದಲ್ಲಿ ಇನ್ನೊಮ್ಮೆ. ಆ ದಿನ ಮಧ್ಯಾಹ್ನ ನೆಟ್ಟಗೆ ನಿಂತ ಸರಳಿಗೆ ನೆರಳೇ ಇರುವುದಿಲ್ಲ. ಏಪ್ರಿಲಿನಲ್ಲಿ ಬೇಸಿಗೆ ರಜೆ. ಆಗಸ್ಟಿನದನ್ನು ನೋಡುತ್ತೇವೆ ಎಂದು ಮಕ್ಕಳು ಹೇಳಿದ್ದಾರೆ. ಮಳೆಗಾಲವಲ್ಲವೆ, ಬಿಸಿಲು ಬರದಿದ್ದರೆ ಎಂದು ಕೇಳಿದೆ.

"ಮೋಡ ಅಂತ ಬರೀತೀವಿ ಮಿಸ್" ಎಂದಳು ಆ ಹುಡುಗಿ.